ಹೆಣ್ಣುಮಕ್ಕಳ ಕಾಲ್ಚೆಂಡಾಟ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು; ಗಣಿಗಾರರ ಕೇರಿಗಳಲ್ಲಿ ಬೆಳೆದ ಕಾಲ್ಚೆಂಡಾಟದ ಒಲವು ಮಾತ್ರ ಉಳಿದಿದೆ. ಆದರೆ ಆ ಅಂಗಳ ಬಹುಕಾಲ ಗಂಡುಮಕ್ಕಳದೇ ಆಗಿತ್ತು.

ಇದು ನಮ್ಮೂರಿನ ಮಾತಷ್ಟೇ ಅಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1921ರಲ್ಲಿ ತನ್ನ ಮೈದಾನಗಳನ್ನು ಸ್ತ್ರೀಯರಿಗೆ ಮುಚ್ಚಿತು. ಅವು ಮತ್ತೆ ತೆರೆಯಲು ಸುಮಾರು ಐವತ್ತು ವರ್ಷ ಬೇಕಾಯಿತು.

ನಮ್ಮ ದೇಶದಲ್ಲಿ ಮಹಿಳೆಯರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1975ರಲ್ಲಿ ಲಖನೌ ನಗರದಲ್ಲಿ ನಡೆಯಿತು. ನಾರ್ವೆಯ ಫುಟ್‌ಬಾಲ್ ಸಂಘ ಸ್ತ್ರೀಯರ ಆಟವನ್ನು ಅಂಗೀಕರಿಸಿದ್ದು ಅದರ ಮರುವರ್ಷ. ನಮ್ಮವರು ಏಷ್ಯಾದಲ್ಲಿ ಎರಡು ಬಾರಿ ಎರಡನೆಯ ಸ್ಥಾನ ಪಡೆದು ಅಲ್ಲಿಗೇ ನಿಂತರು. ನಾರ್ವೆಯವರು 1995ರಲ್ಲಿ ವಿಶ್ವಕಪ್ಪನ್ನೇ ಗೆದ್ದರು. ಅಲ್ಲಿ ಸಣ್ಣ ಊರುಗಳ ಸಂಘಗಳೂ ಹುಡುಗಿಯರಿಗೆ ಮೈದಾನ ಬಿಟ್ಟುಕೊಟ್ಟಿದ್ದವು.

ತಾಯ್ತಂದೆಯರೇ, ಬಂಗಾರಪೇಟೆಯ ಹುಡುಗಿಯಾಗಲಿ, ಉರಿಗಾಮಿನ ಹುಡುಗಿಯಾಗಲಿ ಚೆಂಡು ಕೇಳಿದರೆ ನಗಬೇಡಿ. ಸಂಜೆ ಒಂದು ಗಂಟೆ ಬಿಡುವು ಕೊಡಿ.