ಮೋಟಾರಿನ ನೆನಪಿನಲ್ಲಿ ಬರೆದಿರುವುದು



ಈ ದತ್ತಿ ಉಪನ್ಯಾಸಕ್ಕೆ ಇರುವ ಷರತ್ತು ಎರಡು. ಉಪನ್ಯಾಸ ಕನ್ನಡದಲ್ಲಿರಬೇಕು, ವಿಷಯ ಪ್ರಯೋಗಾಲಯದ ಮೇಜಿನ ಮೇಲೆ ನಡೆಯುವ ಕೆಲಸಕ್ಕೆ ಸೇರಿರಬೇಕು. ಹಾಗಾಗಿ ರೋಬಾಟುಗಳ ಭವಿಷ್ಯದ ದೊಡ್ಡ ಮಾತುಗಳನ್ನು ಬೇರೆಯವರಿಗೆ ಬಿಟ್ಟು, ರೋಬಾಟಿನ ಕೀಲಿನೊಳಗೆ ಕೂತಿರುವ ಸ್ಮಾರ್ಟ್ ಸರ್ವೋ ಮೋಟಾರನ್ನು ಕಂಪ್ಯೂಟರಿಗೆ ಜೋಡಿಸಿ ಕೆಲಸಕ್ಕೆ ಸಿದ್ಧ ಮಾಡುವುದರ ಬಗ್ಗೆ ಮಾತನಾಡುತ್ತೇನೆ. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಮೊದಲು ಪ್ರೋಗ್ರಾಂ ಬರೆಯುತ್ತಾರೆ, ಮೋಟಾರು ಕೇಳದಿದ್ದಾಗ ಮತ್ತೆ ಪ್ರೋಗ್ರಾಮನ್ನೇ ತಿದ್ದುತ್ತಾರೆ. ಮೋಟಾರಿನೊಳಗೆ ಏನು ಬರೆದಿದೆ ಎಂದು ತೆರೆದು ನೋಡುವವರು ಕಡಿಮೆ. ಪ್ರೋಗ್ರಾಮಿನಲ್ಲಿ ಹುಡುಕುವ ಎಷ್ಟೋ ದೋಷಗಳು ಮೋಟಾರಿನ ನೆನಪಿನಲ್ಲಿ ಇರುತ್ತವೆ. ಅದನ್ನು ಓದುವುದನ್ನು ಪ್ರೋಗ್ರಾಮಿಗಿಂತ ಮೊದಲು ಕಲಿಸಬೇಕು ಎಂಬುದು ನನ್ನ ವಾದ.

ಆಟಿಕೆ ವಿಮಾನಗಳಲ್ಲಿ ಬಳಸುವ ಸಾಮಾನ್ಯ ಸರ್ವೋವನ್ನು ನೀವೆಲ್ಲ ನೋಡಿದ್ದೀರಿ. 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್ ಹೋಗುತ್ತದೆ. ಅದರ ಅಗಲ ಸುಮಾರು 1ರಿಂದ 2 ಮಿಲಿಸೆಕೆಂಡು, ಆ ಅಗಲಕ್ಕೆ ತಕ್ಕ ಕೋನಕ್ಕೆ ಮೋಟಾರು ತಿರುಗುತ್ತದೆ. ತಿರುಗಿತೋ ಇಲ್ಲವೋ, ಬಿಸಿಯಾಯಿತೋ, ಏನಾದರೂ ಅಡ್ಡ ಬಂತೋ, ಯಾವುದನ್ನೂ ಅದು ವಾಪಸ್ ತಿಳಿಸುವುದಿಲ್ಲ. ಸ್ಮಾರ್ಟ್ ಸರ್ವೋದಲ್ಲಿ ಮೋಟಾರು, ಗೇರು, ಎನ್‌ಕೋಡರ್ ಜೊತೆಗೆ ಒಂದು ಪುಟ್ಟ ಮೈಕ್ರೊಕಂಟ್ರೋಲರ್ ಕೂಡ ಒಂದೇ ಡಬ್ಬಿಯಲ್ಲಿರುತ್ತದೆ. ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ.

ದಕ್ಷಿಣ ಕೊರಿಯಾದ ರೋಬೋಟಿಸ್ ಸಂಸ್ಥೆಯ ಡೈನಮಿಕ್ಸೆಲ್ ಮೋಟಾರುಗಳನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಜಗತ್ತಿನ ಸಂಶೋಧನಾ ಪ್ರಯೋಗಾಲಯಗಳಲ್ಲಿ ಇವುಗಳ ಬಳಕೆ ಹೆಚ್ಚು. ಡಾರ್ವಿನ್-ಒಪಿ ಎಂಬ ಪುಟ್ಟ ಮನುಷ್ಯಾಕಾರದ ರೋಬಾಟಿನಲ್ಲಿ ಎಂಎಕ್ಸ್-28 ಮೋಟಾರುಗಳು 20 ಇದ್ದವು. 2017ರಲ್ಲಿ ಬಂದ ಟರ್ಟಲ್‌ಬಾಟ್3 ಬರ್ಗರ್ ಎಂಬ ಕಲಿಕೆಯ ಬಂಡಿಯ ಎರಡು ಚಕ್ರಗಳಿಗೆ ಎಕ್ಸ್‌ಎಲ್430-ಡಬ್ಲ್ಯು250 ಮೋಟಾರುಗಳಿವೆ. ಈ ಎಕ್ಸ್‌ಎಲ್430 ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ತೂಕ 57 ಗ್ರಾಂ ಚಿಲ್ಲರೆ. ಒಂದು ಸುತ್ತನ್ನು ಅದು 4096 ಭಾಗ ಮಾಡಿ ನೋಡುತ್ತದೆ, ಅಂದರೆ ಒಂದು ಹೆಜ್ಜೆಗೆ 0.088 ಡಿಗ್ರಿ. ಇಂಥ ಮೋಟಾರುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸುತ್ತಾ ಸಾಲಾಗಿ ಜೋಡಿಸುತ್ತಾರೆ. ಎಲ್ಲಕ್ಕೂ ಸೇರಿ ಡೇಟಾದ ತಂತಿ ಒಂದೇ. ಹೇಳುವುದೂ ಕೇಳುವುದೂ ಅದೇ ತಂತಿಯ ಮೇಲೆ, ಸರದಿಯಲ್ಲಿ ನಡೆಯಬೇಕು.

ಮೋಟಾರಿನ ನೆನಪಿಗೆ ಕಂಟ್ರೋಲ್ ಟೇಬಲ್ ಎಂದು ಹೆಸರು. ಡೈನಮಿಕ್ಸೆಲ್ ವಿಝಾರ್ಡ್ 2.0 ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಪರದೆಯ ಮೇಲೆ ತೆರೆದಿಡುತ್ತದೆ. ಇದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಕಂಪ್ಯೂಟರಿನ ಯುಎಸ್‌ಬಿಗೂ ಮೋಟಾರಿನ ತಂತಿಗೂ ನಡುವೆ ಯು2ಡಿ2 ಎಂಬ ಬೆರಳುದ್ದದ ಅಡಾಪ್ಟರ್ ಬೇಕು. ಇದು ಮಾತನ್ನು ಮಾತ್ರ ದಾಟಿಸುತ್ತದೆ, ಮೋಟಾರಿಗೆ ವಿದ್ಯುತ್ ಕೊಡುವುದಿಲ್ಲ. ಯುಎಸ್‌ಬಿ ಸಿಕ್ಕಿಸಿ, ಸ್ಕ್ಯಾನ್ ಒತ್ತಿ, ಏನೂ ಸಿಗಲಿಲ್ಲ ಎಂದು ಬರುವ ವಿದ್ಯಾರ್ಥಿಗೆ ನಾನು ಮೊದಲು ಕೇಳುವುದು 12 ವೋಲ್ಟಿನ ಸರಬರಾಜು ಹಾಕಿದ್ದೀಯಾ ಎಂದು. ವಿದ್ಯುತ್ ಬಂದ ಕೂಡಲೇ ಮೋಟಾರಿನ ಮೈಮೇಲಿನ ಕೆಂಪು ಎಲ್‌ಇಡಿ ಒಮ್ಮೆ ಮಿನುಗುತ್ತದೆ. ಅದು ಕಾಣದಿದ್ದರೆ ಸಾಫ್ಟ್‌ವೇರಿನ ಮುಂದೆ ಕೂತು ಪ್ರಯೋಜನವಿಲ್ಲ. ಲಿನಕ್ಸಿನಲ್ಲಾದರೆ ಇನ್ನೊಂದು ತಡೆ ಇದೆ. ಸೀರಿಯಲ್ ಪೋರ್ಟ್ ತೆರೆಯುವ ಅನುಮತಿ ಬಳಕೆದಾರನಿಗೆ ಇರಬೇಕು, ಅಂದರೆ ಡಯಲ್‌ಔಟ್ ಗುಂಪಿಗೆ ಅವನ ಹೆಸರು ಸೇರಿರಬೇಕು.

ಸ್ಕ್ಯಾನ್ ಎಂದರೆ ಸಾಲಿನಲ್ಲಿ ಯಾರಿದ್ದೀರಿ ಎಂದು ವಿಚಾರಿಸುವುದು. ಯಾವ ಪ್ರೋಟೋಕಾಲ್ (ಮಾತಿನ ನಿಯಮ), ಯಾವ ಬಾಡ್ ರೇಟ್ (ಮಾತಿನ ವೇಗ), ಯಾವ ಐಡಿಗಳು (ಮೋಟಾರುಗಳ ಗುರುತಿನ ಸಂಖ್ಯೆ) ಎಂದು ಆರಿಸಿಕೊಳ್ಳಬೇಕು. ಎಲ್ಲವನ್ನೂ ಆರಿಸಿದರೆ 0ಯಿಂದ 252ರವರೆಗೆ ಪ್ರತಿ ಐಡಿಯನ್ನೂ ಪ್ರತಿ ವೇಗದಲ್ಲೂ ಕರೆಯುತ್ತಾ ಸಾಫ್ಟ್‌ವೇರ್ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಹೊಸ ಎಕ್ಸ್‌ಎಲ್430 ಕಾರ್ಖಾನೆಯಿಂದ ಬರುವಾಗ ಅದರ ಐಡಿ 1, ವೇಗ 57600. ಹಾಗಾಗಿ ಹೊಸದಕ್ಕೆ ಅಷ್ಟು ಹುಡುಕಾಟ ಬೇಡ. ಹಿಂದಿನ ವರ್ಷದ ತಂಡ ಬಿಟ್ಟುಹೋದ ಮೋಟಾರಿಗೆ ಮಾತ್ರ ಪೂರ್ತಿ ಹುಡುಕಾಟ.

ಎಲ್ಲ ಮೋಟಾರುಗಳೂ ಐಡಿ 1 ಆಗಿಯೇ ಬರುತ್ತವೆ ಎಂಬುದನ್ನು ಗಮನಿಸಿ. ಆರು ಕೀಲಿನ ತೋಳಿಗೆ ಆರು ಹೊಸ ಮೋಟಾರು ತಂದು, ಒಂದೇ ಸಲ ಸಾಲಾಗಿ ಜೋಡಿಸಿ ಸ್ಕ್ಯಾನ್ ಮಾಡಿದರೆ, ಹಾಜರಿ ಕೂಗುವಾಗ ಒಂದೇ ಸಂಖ್ಯೆಗೆ ಆರು ಮಂದಿ ಒಟ್ಟಿಗೆ ಬಾಯಿ ತೆರೆದಂತಾಗುತ್ತದೆ. ಆರೂ ಉತ್ತರಗಳು ಒಂದೇ ತಂತಿಯ ಮೇಲೆ ಡಿಕ್ಕಿ ಹೊಡೆಯುತ್ತವೆ, ಪ್ಯಾಕೆಟ್ ಕೆಡುತ್ತದೆ, ಅದರ ಬಾಲದಲ್ಲಿರುವ, ದೋಷ ಪರೀಕ್ಷಿಸುವ ಸಿಆರ್‌ಸಿ ಸಂಖ್ಯೆ ತಾಳೆಯಾಗುವುದಿಲ್ಲ. ಪರದೆಯ ಮೇಲೆ ಒಂದೂ ಕಾಣದಿರಬಹುದು, ಒಂದೊಂದು ಸಲ ಒಂದೇ ಮೋಟಾರು ಕಂಡು ಮಾಯವಾಗಬಹುದು. ಮೋಟಾರುಗಳು ಕೆಟ್ಟಿವೆ ಎಂದು ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಲು ಹೊರಟವರನ್ನು ನಾನು ಕಂಡಿದ್ದೇನೆ. ಒಂದೊಂದನ್ನೇ ಜೋಡಿಸಿ, ಐಡಿ ಬದಲಿಸಿ, ಮೈಮೇಲೆ ಪುಟ್ಟ ಚೀಟಿ ಅಂಟಿಸಿ ಪಕ್ಕಕ್ಕಿಡಬೇಕು. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಅಡ್ಡದಾರಿಯಿಲ್ಲ. ಟರ್ಟಲ್‌ಬಾಟ್3ರಲ್ಲಿ ಎಡ ಚಕ್ರ 1, ಬಲ ಚಕ್ರ 2 ಎಂದು ನಿಗದಿಯಾಗಿದೆ. ಇವು ಅದಲುಬದಲಾದರೆ ಬಂಡಿ ಹೇಳಿದ ಕಡೆಗೆ ತಿರುಗುವುದಿಲ್ಲ. 2024ರಲ್ಲಿ ಹಗ್ಗಿಂಗ್ ಫೇಸ್ ಎಂಬ ಎಐ ಸಂಸ್ಥೆಯ ಬಳಗದ ಮೂಲಕ ಹೆಸರಾದ ಎಸ್‌ಒ-100 ಎಂಬ ಅಗ್ಗದ ತೋಳಿಗೆ ಚೀನಾದ ಫೀಟೆಕ್ ಸಂಸ್ಥೆಯ ಎಸ್‌ಟಿಎಸ್3215 ಮೋಟಾರುಗಳಿವೆ. ಅಲ್ಲಿಯೂ ಮೊದಲ ಪಾಠ ಇದೇ. ತೋಳು ಕಟ್ಟುವ ಮೊದಲೇ ಒಂದೊಂದು ಮೋಟಾರನ್ನು ಬೇರೆಯಾಗಿ ಸಿಕ್ಕಿಸಿ 1ರಿಂದ 6ರವರೆಗೆ ಸಂಖ್ಯೆ ಕೊಡಬೇಕು.

ಈಗ ಕಂಟ್ರೋಲ್ ಟೇಬಲ್ ಎಂಬ ಆ ಕೋಷ್ಟಕಕ್ಕೆ ಬರೋಣ. ಎಡಗಡೆ ವಿಳಾಸ, ನಡುವೆ ಹೆಸರು, ಬಲಗಡೆ ಮೌಲ್ಯ. ಎಕ್ಸ್‌ಎಲ್430ರಲ್ಲಿ 7ನೇ ವಿಳಾಸದಲ್ಲಿ ಐಡಿ, 8ರಲ್ಲಿ ಬಾಡ್ ರೇಟ್, 11ರಲ್ಲಿ ಕೆಲಸದ ವಿಧಾನ, 64ರಲ್ಲಿ ಟಾರ್ಕ್ (ತಿರುಗಿಸುವ ಬಲ) ಚಾಲೂ ಇದೆಯೋ ಇಲ್ಲವೋ, 116ರಲ್ಲಿ ಎಲ್ಲಿಗೆ ಹೋಗಬೇಕು, 132ರಲ್ಲಿ ಈಗ ಎಲ್ಲಿದೆ, 146ರಲ್ಲಿ ಈಗಿನ ಉಷ್ಣತೆ. 64ಕ್ಕಿಂತ ಮೊದಲಿನ ವಿಳಾಸಗಳ ಭಾಗ ಇಇಪ್ರಾಮ್, ವಿದ್ಯುತ್ ಹೋದರೂ ಉಳಿಯುವ ನೆನಪು. 64ರಿಂದ ಮುಂದಿನದು ರ‍್ಯಾಮ್, ವಿದ್ಯುತ್ ಹೋದರೆ ಅಳಿಸಿಹೋಗುತ್ತದೆ. ನಿನ್ನೆ ಸರಿಯಾಗಿ ಓಡಿದ ತೋಳು ಇವತ್ತು ಬೆಳಿಗ್ಗೆ ನಡುಗುತ್ತಿದೆ ಎಂಬ ದೂರಿನ ಬೇರು ಬಹಳ ಸಲ ಇಲ್ಲೇ ಇರುತ್ತದೆ. ಕೀಲು ಎಷ್ಟು ಬಿಗಿಯಾಗಿ ಗುರಿ ಹಿಡಿಯಬೇಕೆಂದು ಹೇಳುವ ಪಿ, ಐ, ಡಿ ಗೇನ್‌ಗಳು 80ರಿಂದ 84ರ ವಿಳಾಸಗಳಲ್ಲಿವೆ, ಅಂದರೆ ರ‍್ಯಾಮಿನಲ್ಲಿ. ಸಂಜೆ ಕೂತು ಹದಮಾಡಿದ ಸಂಖ್ಯೆಗಳು ಸ್ವಿಚ್ ಆರಿಸಿದ ಕೂಡಲೇ ಹೋಗಿರುತ್ತವೆ. ಪ್ರೋಗ್ರಾಂ ಪ್ರತಿ ಸಲ ಶುರುವಾಗುವಾಗ ಅವನ್ನು ಮತ್ತೆ ಬರೆಯಬೇಕು. ಕೆಲಸದ ವಿಧಾನ ಬದಲಿಸಿದರೂ ಗೇನ್‌ಗಳು ಆ ವಿಧಾನದ ಮೂಲ ಮೌಲ್ಯಕ್ಕೆ ಮರಳುತ್ತವೆ. ಆದ್ದರಿಂದ ಮೊದಲು ವಿಧಾನ, ಆಮೇಲೆ ಗೇನ್. ಈ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥ.

ಇಇಪ್ರಾಮಿಗೆ ಬರೆಯಬೇಕಾದರೆ ಟಾರ್ಕ್ ಬಂದ್ ಆಗಿರಬೇಕು, ಇಲ್ಲವಾದರೆ ಮೋಟಾರು ಒಪ್ಪುವುದಿಲ್ಲ. ಈ ನಿಯಮವನ್ನು ನಾನು ಬಹಳ ಗೌರವಿಸುತ್ತೇನೆ. ಚಲಿಸುತ್ತಿರುವ ಕೀಲಿನ ಮಿತಿಗಳನ್ನು ನಡುದಾರಿಯಲ್ಲಿ ಬದಲಿಸಲು ಅದು ಬಿಡುವುದಿಲ್ಲ. ಆದರೆ ಪರದೆಯ ಮೇಲೆ ಟಾರ್ಕ್ ಸ್ವಿಚ್ ಆರಿಸುವ ಮುನ್ನ ತೋಳಿನ ಕಡೆ ನೋಡಬೇಕು. ಎತ್ತಿ ನಿಂತ ತೋಳಿನ ಭುಜದ ಮೋಟಾರು ಸಡಿಲವಾದ ಕ್ಷಣ ಇಡೀ ತೋಳು ಮೇಜಿಗೆ ಅಪ್ಪಳಿಸುತ್ತದೆ. ಒಂದು ಕೈ ಮೌಸಿನ ಮೇಲಿದ್ದರೆ ಇನ್ನೊಂದು ಕೈ ತೋಳಿನ ಮೊಣಕೈಯ ಕೆಳಗಿರಬೇಕು ಎಂದು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ.

63ನೇ ವಿಳಾಸದಲ್ಲಿ ಶಟ್‌ಡೌನ್ ಎಂಬುದಿದೆ. ಎಕ್ಸ್‌ಎಲ್430ರಲ್ಲಿ ಅದರ ಮೂಲ ಮೌಲ್ಯ 52. ಏನಿದು 52? 4, 16, 32 ಕೂಡಿದರೆ 52. ಅತಿ ಬಿಸಿಗೆ 4, ವಿದ್ಯುತ್ ಆಘಾತಕ್ಕೆ 16, ಅತಿಭಾರಕ್ಕೆ 32. ಈ ಮೂರರಲ್ಲಿ ಒಂದಾದರೂ ನಡೆದರೆ ಮೋಟಾರು ತಾನಾಗಿ ಟಾರ್ಕ್ ಬಿಟ್ಟುಬಿಡುತ್ತದೆ, ಕೆಂಪು ದೀಪ ಮಿನುಗತೊಡಗುತ್ತದೆ, ರೀಬೂಟ್ ಮಾಡುವವರೆಗೆ ಯಾವ ಆಜ್ಞೆಗೂ ಕದಲುವುದಿಲ್ಲ. ಏನಾಯಿತೆಂದು ತಿಳಿಯಲು 70ನೇ ವಿಳಾಸ ಓದಬೇಕು. ಅಲ್ಲಿ 32 ಇದ್ದರೆ ಅತಿಭಾರ, ಅಂದರೆ ಕೀಲಿಗೆ ಎತ್ತಲಾಗದ್ದನ್ನು ಎತ್ತಿಸಿದ್ದೀರಿ ಅಥವಾ ಎಲ್ಲೋ ಸ್ಕ್ರೂ ತಾಗುತ್ತಿದೆ. ಪ್ರದರ್ಶನದ ದಿನ ಪದೇ ಪದೇ ನಿಲ್ಲುತ್ತದೆಂದು ಈ 52ನ್ನು 0 ಮಾಡಿಬಿಡುವ ಚಾಳಿಯನ್ನು ನಾನು ಒಪ್ಪುವುದಿಲ್ಲ. ಎಕ್ಸ್‌ಎಲ್430ರ ಉಷ್ಣತೆಯ ಮಿತಿ 72 ಡಿಗ್ರಿ ಸೆಲ್ಸಿಯಸ್. ರಕ್ಷಣೆಯನ್ನು ತೆಗೆದುಹಾಕಿದರೆ ಮಿತಿ ದಾಟಿಯೂ ಮೋಟಾರು ಎತ್ತುತ್ತಲೇ ಇರುತ್ತದೆ, ಒಳಗಿನ ಸುರುಳಿ ಸುಡುವವರೆಗೆ. ಮೋಟಾರು ನಿಂತಿದ್ದು ನಮಗೊಂದು ವಿಷಯ ತಿಳಿಸಲು. ಅದರ ಬಾಯಿ ಮುಚ್ಚಿಸಿದರೆ ಪ್ರದರ್ಶನ ನಡೆದೀತು, ತೋಳಿನ ಲೆಕ್ಕಾಚಾರ ತಪ್ಪಿದ್ದು ಹಾಗೇ ಉಳಿಯುತ್ತದೆ.

ವಿಝಾರ್ಡಿನಲ್ಲಿ ನನಗೆ ಅತಿ ಪ್ರಿಯವಾದ ಭಾಗ ಗ್ರಾಫ್. ಗುರಿಯ ಸ್ಥಾನ ಒಂದು ಗೆರೆ, ಈಗಿನ ಸ್ಥಾನ ಇನ್ನೊಂದು ಗೆರೆ. ಗುರಿಯನ್ನು ಒಮ್ಮೆಲೇ 500 ಹೆಜ್ಜೆ ದೂರ ತಳ್ಳಿ ನೋಡಿ. ಮೊದಲ ಗೆರೆ ಮೆಟ್ಟಿಲಿನಂತೆ ಜಿಗಿಯುತ್ತದೆ, ಎರಡನೆಯದು ಹಿಂದೆ ಏರುತ್ತಾ ಬರುತ್ತದೆ. ಪಿ ಗೇನ್ ಕಡಿಮೆಯಿದ್ದರೆ ಅದು ಗುರಿ ಮುಟ್ಟುವ ಮೊದಲೇ ಸುಸ್ತಾಗಿ ಕೆಳಗೇ ಉಳಿಯುತ್ತದೆ. ಹೆಚ್ಚಿಸುತ್ತಾ ಹೋದರೆ ಗುರಿಯನ್ನು ದಾಟಿ, ಮೇಲೆ ಕೆಳಗೆ ಆಡಿ, ಆಮೇಲೆ ನಿಲ್ಲುತ್ತದೆ. ಇನ್ನೂ ಹೆಚ್ಚಿಸಿದರೆ ನಿಲ್ಲುವುದೇ ಇಲ್ಲ, ಬೆರಳಿಟ್ಟರೆ ಡಬ್ಬಿಯ ನಡುಕ ತಿಳಿಯುತ್ತದೆ. ಡಿ ಗೇನ್ ತುಸು ಸೇರಿಸಿದರೆ ಆ ಆಟ ತಗ್ಗುತ್ತದೆ. ನಿಯಂತ್ರಣ ಶಾಸ್ತ್ರದ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ನಾವು ಬಿಡಿಸುವ ಅದೇ ವಕ್ರರೇಖೆ ಇಲ್ಲಿ ಕೈಯಲ್ಲಿ ಹಿಡಿದ ವಸ್ತುವಿನಿಂದ ಹುಟ್ಟುತ್ತದೆ. ಲಾಪ್ಲಾಸ್ ರೂಪಾಂತರವನ್ನು ಕಂಠಪಾಠ ಮಾಡಿ ಪಾಸಾದ ಹುಡುಗಿಯೊಬ್ಬಳು ಈ ಗೆರೆಗಳನ್ನು ನೋಡುತ್ತಾ, ಅತಿಜಿಗಿತ (ಓವರ್‌ಶೂಟ್) ಎಂದರೆ ಇದೇನಾ ಸಾರ್ ಎಂದು ಕೇಳಿದ್ದು ನನಗೆ ಅಧ್ಯಾಪಕನಾಗಿ ಸಿಕ್ಕ ದೊಡ್ಡ ಸಂತೋಷಗಳಲ್ಲಿ ಒಂದು.

ಮೋಟಾರಿನೊಡನೆ ನಡೆಯುವ ಮಾತಿನ ವೇಗದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಯು2ಡಿ2 ಒಳಗಿರುವುದು ಎಫ್‌ಟಿಡಿಐ ಚಿಪ್. ಸಾಮಾನ್ಯವಾಗಿ ಅದರ ಲೇಟೆನ್ಸಿ ಟೈಮರ್, ಅಂದರೆ ಬಂದ ಉತ್ತರವನ್ನು ಕಂಪ್ಯೂಟರಿಗೆ ದಾಟಿಸುವ ಮೊದಲು ಕಾಯುವ ಅವಧಿ, 16 ಮಿಲಿಸೆಕೆಂಡಿಗೆ ಇರುತ್ತದೆ. ಆರು ಮೋಟಾರುಗಳನ್ನು ಒಂದಾದ ಮೇಲೊಂದು ಓದಿದರೆ 96 ಮಿಲಿಸೆಕೆಂಡು ಕಾಯುವುದರಲ್ಲೇ ಹೋಗಬಹುದು, ಅಂದರೆ ಸೆಕೆಂಡಿಗೆ ಹತ್ತು ಸಲವಷ್ಟೇ ತೋಳಿನ ಸ್ಥಿತಿ ತಿಳಿಯುತ್ತದೆ. ಬಾಡ್ ರೇಟನ್ನು ಎಷ್ಟೇ ಏರಿಸಿದರೂ ಈ ಕಾಯುವಿಕೆ ಹೋಗುವುದಿಲ್ಲ. ಟೈಮರನ್ನು 1 ಮಿಲಿಸೆಕೆಂಡಿಗೆ ಇಳಿಸಬೇಕು, ಎಲ್ಲವನ್ನೂ ಒಂದೇ ಕೋರಿಕೆಯಲ್ಲಿ ಓದುವ ಸಿಂಕ್ ರೀಡ್ ಬಳಸಬೇಕು.

ಇನ್ನು ಫರ್ಮ್‌ವೇರ್, ಅಂದರೆ ಮೋಟಾರಿನೊಳಗಿನ ಮೈಕ್ರೊಕಂಟ್ರೋಲರ್ ನಡೆಸುವ ಪ್ರೋಗ್ರಾಂ. ಹೊಸ ಆವೃತ್ತಿ ಬಂದಿದೆ ಎಂದು ಸಾಫ್ಟ್‌ವೇರ್ ತೋರಿಸಿದ ಕೂಡಲೇ ಒತ್ತಿಬಿಡುವುದು ಫೋನಿನಿಂದ ಬಂದ ಅಭ್ಯಾಸ. ಮೋಟಾರಿಗೆ ಅದು ತಕ್ಕದ್ದಲ್ಲ. ಎಂಎಕ್ಸ್-28ನ್ನು ನೋಡಿ. ಅದು ಹುಟ್ಟಿದ್ದು ಪ್ರೋಟೋಕಾಲ್ 1.0ರಲ್ಲಿ. ಅಲ್ಲಿ ಗುರಿಯ ಸ್ಥಾನ ಬರೆಯುವ ವಿಳಾಸ 30, ಟಾರ್ಕಿನ ವಿಳಾಸ 24. ಫರ್ಮ್‌ವೇರ್ ಬದಲಿಸಿ ಅದನ್ನು ಪ್ರೋಟೋಕಾಲ್ 2.0ಕ್ಕೆ ತರಬಹುದು. ಆಗ ಗುರಿ 116ಕ್ಕೆ, ಟಾರ್ಕ್ 64ಕ್ಕೆ ಹೋಗುತ್ತವೆ. ಪ್ಯಾಕೆಟ್ಟಿನ ತಲೆಯೂ ಬೇರೆ, ದೋಷ ಪರೀಕ್ಷೆಯ ರೀತಿಯೂ ಬೇರೆ. ಡಬ್ಬಿ ಅದೇ, ಗೇರು ಅದೇ, ಆದರೆ ಹಳೆಯ ಪ್ರೋಗ್ರಾಮಿನ ಪಾಲಿಗೆ ಆ ಮೋಟಾರು ಇನ್ನು ಕಿವುಡು. ಹತ್ತು ಮೋಟಾರಿನ ಸಾಲಿನಲ್ಲಿ ಒಂದಕ್ಕೆ ಮಾತ್ರ ಹೀಗೆ ಮಾಡಿದರೆ ಗತಿಯೇನು, ನೀವೇ ಊಹಿಸಿ. ಹಾಗೆಂದು ಹಳೆಯದರಲ್ಲೇ ಕೂತಿರಬೇಕೆಂದಲ್ಲ. ಎಕ್ಸ್ ಸರಣಿಯ ಕೆಲವು ಹೊಸ ಫರ್ಮ್‌ವೇರುಗಳಲ್ಲಿ ರ‍್ಯಾಮಿನ ಮೌಲ್ಯಗಳನ್ನು ಉಳಿಸಿಟ್ಟು, ವಿದ್ಯುತ್ ಬಂದಾಗ ಮರಳಿ ತುಂಬುವ ಸೌಲಭ್ಯ ಬಂದಿದೆ. ನಾನು ಮೊದಲು ಹೇಳಿದ ಬೆಳಗಿನ ನಡುಕಕ್ಕೆ ಇದು ನೇರ ಪರಿಹಾರ. ಇಂಥ ಕಾರಣವಿದ್ದಾಗ ಪರಿಷ್ಕರಿಸಬೇಕು, ಸಾಲಿನಲ್ಲಿರುವ ಅದೇ ಮಾದರಿಯ ಎಲ್ಲವನ್ನೂ ಒಟ್ಟಿಗೆ ಪರಿಷ್ಕರಿಸಬೇಕು, ಸೆಮಿಸ್ಟರಿನ ಕೊನೆಯ ವಾರದಲ್ಲಂತೂ ಕೈ ಹಾಕಲೇಬಾರದು.

ಪರಿಷ್ಕರಣೆ ನಡುವೆ ವಿದ್ಯುತ್ ಹೋದರೆ? ನಮ್ಮ ಊರುಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ಮೋಟಾರು ಸ್ಕ್ಯಾನಿಗೆ ಸಿಗುವುದಿಲ್ಲ, ಸತ್ತಂತೆ ಕಾಣುತ್ತದೆ. ಸತ್ತಿರುವುದಿಲ್ಲ. ಫರ್ಮ್‌ವೇರನ್ನು ಒಳಗೆ ತುಂಬಿಕೊಳ್ಳುವ ಬೂಟ್‌ಲೋಡರ್ ಬೇರೆ ಜಾಗದಲ್ಲಿ ಉಳಿದಿರುತ್ತದೆ. ವಿಝಾರ್ಡಿನ ಫರ್ಮ್‌ವೇರ್ ರಿಕವರಿಯಲ್ಲಿ ಮಾದರಿ, ಆವೃತ್ತಿ, ಪೋರ್ಟ್ ಆರಿಸಿ, ಅದೊಂದೇ ಮೋಟಾರನ್ನು ಜೋಡಿಸಿ, ಅದು ಹೇಳಿದಾಗ ಮೋಟಾರಿನ ವಿದ್ಯುತ್ ತೆಗೆದು ಮತ್ತೆ ಕೊಡಬೇಕು. ಎದ್ದೇಳುವ ಆ ಕ್ಷಣದಲ್ಲಿ ಬೂಟ್‌ಲೋಡರನ್ನು ಸಾಫ್ಟ್‌ವೇರ್ ಹಿಡಿದುಕೊಳ್ಳುತ್ತದೆ. ಮೋಟಾರು ಬದುಕುತ್ತದೆ, ಆದರೆ ಹಳೆಯ ನೆನಪು ಉಳಿಯುವುದಿಲ್ಲ. ಐಡಿ ಮತ್ತೆ 1, ವೇಗ ಮತ್ತೆ 57600, ಮಿತಿಗಳೆಲ್ಲ ಕಾರ್ಖಾನೆಯವು. ನೀವು ಬರೆದಿಟ್ಟುಕೊಂಡಿದ್ದರೆ ಮಾತ್ರ ಅದನ್ನು ಮೊದಲಿನ ಜಾಗಕ್ಕೆ ಸೇರಿಸಬಹುದು.

ಒಂದು ಆತಂಕವನ್ನೂ ಇಲ್ಲಿ ದಾಖಲಿಸಬೇಕು. ಫರ್ಮ್‌ವೇರಿನ ಒಳಗುಟ್ಟು ತಯಾರಕರದು, ನಾವು ಅದನ್ನು ಓದಲಾಗುವುದಿಲ್ಲ. ವಿಝಾರ್ಡನ್ನು ನಾಳೆ ಅವರು ನಿಲ್ಲಿಸಿದರೆ ಪರಿಷ್ಕರಣೆಯೂ ನಿಲ್ಲುತ್ತದೆ. ಆದರೆ ಪ್ರೋಟೋಕಾಲನ್ನೂ ಪ್ರತಿ ಮಾದರಿಯ ಕಂಟ್ರೋಲ್ ಟೇಬಲನ್ನೂ ಅವರು ಪೂರ್ತಿ ಪ್ರಕಟಿಸಿದ್ದಾರೆ, ಡೈನಮಿಕ್ಸೆಲ್ ಎಸ್‌ಡಿಕೆಯ ಮೂಲ ಪಠ್ಯ ಮುಕ್ತವಾಗಿದೆ. ಪೈಥಾನಿನಲ್ಲಿ ಕೆಲವೇ ಸಾಲು ಬರೆದು ನಾವೇ ಒಂದು ಪುಟ್ಟ ವಿಝಾರ್ಡ್ ಮಾಡಿಕೊಳ್ಳಬಹುದು, ಅದರ ಪರದೆಯ ಮಾತುಗಳು ಕನ್ನಡದಲ್ಲೇ ಇರಬಹುದು. ಇದನ್ನು ಅಂತಿಮ ವರ್ಷದ ಯೋಜನೆಯಾಗಿ ಯಾವ ತಂಡ ಕೈಗೆತ್ತಿಕೊಂಡರೂ ಮಾರ್ಗದರ್ಶನಕ್ಕೆ ನಾನು ಸಿದ್ಧ.

ವಿಭಾಗದ ಮುಖ್ಯಸ್ಥರಲ್ಲಿ ನನ್ನದೊಂದು ಕೋರಿಕೆ. ರೋಬಾಟಿಕ್ಸ್ ಪ್ರಯೋಗಾಲಯದ ದಾಖಲೆ ಪುಸ್ತಕದ ಮೊದಲ ಪ್ರಯೋಗ ಇದೇ ಆಗಲಿ. ಪ್ರತಿ ಮೋಟಾರಿಗೆ ಒಂದು ಹಾಳೆ. ಅದರಲ್ಲಿ ಮಾದರಿ, ಐಡಿ, ಬಾಡ್ ರೇಟ್, ಫರ್ಮ್‌ವೇರ್ ಆವೃತ್ತಿ, ಕೆಲಸದ ವಿಧಾನ, ಕನಿಷ್ಠ ಮತ್ತು ಗರಿಷ್ಠ ಸ್ಥಾನದ ಮಿತಿ, ಹೋಮಿಂಗ್ ಆಫ್‌ಸೆಟ್ (ಸೊನ್ನೆಯ ಸ್ಥಾನದ ತಿದ್ದುಪಡಿ), ಶಟ್‌ಡೌನ್ ಮೌಲ್ಯ, ಪಿಐಡಿ ಗೇನ್‌ಗಳು ಇರಲಿ. ಬದಲಿಸಿದವರು ಹಳೆಯದನ್ನು ಹೊಡೆದುಹಾಕಿ, ಹೊಸದನ್ನು ಬರೆದು, ತಾರೀಕು ಹಾಕಿ ಸಹಿ ಮಾಡಲಿ. ತಂಡ ಕಾಲೇಜು ಬಿಟ್ಟುಹೋಗುವಾಗ ಮೋಟಾರಿನ ಜೊತೆ ಆ ಹಾಳೆಯೂ ಸ್ಟೋರಿಗೆ ಬರಬೇಕು, ಹಾಳೆಯಿಲ್ಲದ ಮೋಟಾರನ್ನು ಸ್ಟೋರಿನವರು ಒಪ್ಪಿಕೊಳ್ಳಬಾರದು.