ರಕ್ತಸಂಬಂಧದ ವಿವಾಹವೂ ಮಕ್ಕಳ ಒಂದು ಅಪರೂಪದ ಕಾಯಿಲೆಯೂ
(ಗುಂಡ್ಲುಪೇಟೆಯ ತಾಯಂದಿರ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



"ಸೋದರಮಾವನಿರುವಾಗ ಹೊರಗಿನ ವರವೇಕೆ?" ಎಂಬ ಮಾತು ಚಾಮರಾಜನಗರ, ಗುಂಡ್ಲುಪೇಟೆಯ ಕಡೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರು ನಗರಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಸುಮಾರು ಮೂರರಲ್ಲೊಂದು ವಿವಾಹವು ರಕ್ತಸಂಬಂಧದೊಳಗೇ ನಡೆದುದು ಕಂಡುಬಂದಿತು. ಈ ಪದ್ಧತಿಯಲ್ಲಿ ಬಂಧುಪ್ರೀತಿಯಿದೆ, ನಂಬಿಕೆಯಿದೆ. ಅದರೊಡನೆ ಬರುವ ಅಪಾಯವನ್ನೂ ನಾವು ಅರಿತಿರಬೇಕು. ಒಂದು ಕಾಯಿಲೆಯ ಮೂಲಕ ಅದನ್ನು ವಿವರಿಸುತ್ತೇನೆ.

ಸಕ್ಕರೆಯೆಂದರೆ ಕಾಫಿಗೆ ಬೆರೆಸುವ ಸಕ್ಕರೆಯೊಂದೇ ಅಲ್ಲ. ನಮ್ಮ ದೇಹವು ಸಕ್ಕರೆಯ ಅಣುಗಳನ್ನು ಉದ್ದನೆಯ ಸರಪಳಿಗಳಾಗಿ ಜೋಡಿಸಿ ಕೀಲು, ಚರ್ಮ, ಹೃದಯದ ಕವಾಟ ಮುಂತಾದವನ್ನು ಕಟ್ಟುತ್ತದೆ. ಹಳೆಯದಾದ ಸರಪಳಿಯನ್ನು ಜೀವಕೋಶದೊಳಗಿನ ಕಿಣ್ವಗಳು ಕೊಂಡಿ ಕೊಂಡಿಯಾಗಿ ಬಿಡಿಸುತ್ತವೆ. ಒಂದು ಕಿಣ್ವವಿಲ್ಲದಿದ್ದರೂ ಸರಪಳಿಗಳು ಕರಗದೆ ಶೇಖರವಾಗುತ್ತವೆ. ಇದೇ ಮ್ಯೂಕೋಪಾಲಿಸ್ಯಾಕರಿಡೋಸಿಸ್ ಎಂಬ ಕಾಯಿಲೆ.

ಹುಟ್ಟಿದಾಗ ಮಗು ಸಾಮಾನ್ಯವಾಗಿಯೇ ಕಾಣುತ್ತದೆ. ಕ್ರಮೇಣ ಪದೇ ಪದೇ ನೆಗಡಿ, ಕಿವಿಸೋರುವಿಕೆ, ಉಬ್ಬಿದ ಹೊಕ್ಕುಳು, ದಪ್ಪನಾದ ಮುಖಚರ್ಯೆ, ಬಾಗಿದ ಬೆನ್ನು, ಬಿಗಿದ ಬೆರಳುಗಳು ಕಾಣಿಸಿಕೊಳ್ಳಬಹುದು. ಕೆಲವು ಬಗೆಗಳಲ್ಲಿ ಕಲಿತ ಮಾತೂ ಮರೆತುಹೋಗುತ್ತದೆ.

ಇದು ಸಿಹಿ ತಿಂದುದರಿಂದ ಬಂದುದಲ್ಲ, ಗ್ರಹಣದ ದೋಷವಲ್ಲ, ತಾಯಿಯ ತಪ್ಪೂ ಅಲ್ಲ. ಇದರ ಬಹುತೇಕ ಬಗೆಗಳಲ್ಲಿ ತಂದೆತಾಯಿಗಳಿಬ್ಬರೂ ಒಂದೇ ವಂಶವಾಹಿಯ ದೋಷವನ್ನು ತಮಗರಿವಿಲ್ಲದೆ ಹೊತ್ತಿರುತ್ತಾರೆ. ಆಗ ಪ್ರತಿ ಗರ್ಭದಲ್ಲೂ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳ ನಾಲ್ಕನೆಯ ಒಂದು ಪಾಲು, ಸೋದರತ್ತೆಯ ಮಕ್ಕಳೊಡನೆ ಎಂಟನೆಯ ಒಂದು ಪಾಲು, ಸರಾಸರಿ ಸಮಾನವಾಗಿರುತ್ತದೆ. ಆದುದರಿಂದಲೇ ಇಂತಹ ವಿವಾಹಗಳಲ್ಲಿ ಅಪಾಯ ಹೆಚ್ಚು. ಆದರೂ ಹೀಗೆ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಂತರೇ, ಯಾರೂ ಭಯಪಡಬೇಕಾಗಿಲ್ಲ.

1968ರಲ್ಲಿ ಅಮೆರಿಕದ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಸಂಗಡಿಗರು ಈ ಕಾಯಿಲೆಯ ಎರಡು ಬಗೆಗಳ ರೋಗಿಗಳ ಜೀವಕೋಶಗಳನ್ನು ಒಟ್ಟಿಗೆ ಬೆಳೆಸಿದರು. ಒಂದರಲ್ಲಿ ಇಲ್ಲದುದನ್ನು ಇನ್ನೊಂದು ಒದಗಿಸಿ, ಎರಡೂ ಸುಧಾರಿಸಿದವು. ಕಿಣ್ವವನ್ನು ಹೊರಗಿನಿಂದ ಕೊಡಬಹುದೆಂಬುದು ಇದರಿಂದ ತಿಳಿಯಿತು. ಇಂದು ಕೆಲವು ಬಗೆಗಳಿಗೆ ಅಂತಹ ಚಿಕಿತ್ಸೆಯುಂಟು. ಆದರೆ ಅದು ಬಹು ದುಬಾರಿ, ರಕ್ತದ ಮೂಲಕ ಕೊಟ್ಟ ಕಿಣ್ವ ಮಿದುಳನ್ನು ಸರಿಯಾಗಿ ತಲಪುವುದೂ ಇಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ನೆರವಿಗೆ ಅವಕಾಶವಿದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಅದರ ಉತ್ಕೃಷ್ಟತಾ ಕೇಂದ್ರಗಳಲ್ಲೊಂದು.

ಆದುದರಿಂದ ನನ್ನ ವಿನಂತಿ ಮೂರು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯನ್ನು ಸಾಧ್ಯವಾದಷ್ಟೂ ತಪ್ಪಿಸಿರಿ. ಈಗಾಗಲೇ ಆಗಿದ್ದರೆ, ಗರ್ಭ ಧರಿಸುವ ಮೊದಲೇ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿರಿ. ಮನೆಯಲ್ಲಿ ಇಂತಹ ಮಗುವಿದ್ದರೆ ಮೂತ್ರ ಮತ್ತು ರಕ್ತದ ಪರೀಕ್ಷೆಯಿಂದ ಕಾಯಿಲೆಯ ಬಗೆಯನ್ನು ಖಚಿತಪಡಿಸಿಕೊಳ್ಳಿರಿ. ಬಗೆ ತಿಳಿದರೆ ಮಾತ್ರ ಮುಂದಿನ ಗರ್ಭದಲ್ಲಿ ಮೊದಲೇ ಪರೀಕ್ಷಿಸಲು ಸಾಧ್ಯ. ಆ ಮಗುವನ್ನೂ ಅದರ ತಾಯಿಯನ್ನೂ ಯಾರೂ ಹಳಿಯದಿರಲಿ.