ಕಾರು ಯಾಕೆ ತಡವರಿಸುತ್ತದೆ?

ಮಕ್ಕಳೇ, ಆಗುಂಬೆ ಘಾಟಿಯಂಥ ಏರುದಾರಿಯಲ್ಲಿ ನೀವು ಕಾರಿನಲ್ಲಿ ಕೂತಿದ್ದೀರಿ ಎಂದುಕೊಳ್ಳಿ. ತಿರುವು ಮುಗಿಯಿತು, ಅಮ್ಮ ಎಕ್ಸಿಲರೇಟರ್ ಒತ್ತಿದರು. ಕಾರು ಸುಂಯ್ ಎಂದು ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಒಂದು ಕ್ಷಣ ತಡವರಿಸಿತು, ಎರಡು ಸಲ ಜಗ್ಗಿತು, ಆಮೇಲೆ ಒಲ್ಲದ ಮನಸ್ಸಿನಿಂದ ಹೊರಟಿತು. ‘ಪಿಕಪ್ಪೇ ಇಲ್ಲ, ಮಿಸ್ಸಿಂಗ್ ಹೊಡೀತಿದೆ’ ಎಂದು ದೊಡ್ಡವರು ಗೊಣಗುವುದು ಇದಕ್ಕೇ. ಬನ್ನಿ, ಬಾನೆಟ್ ಎತ್ತಿ ಇಣುಕೋಣ.

ಪೆಟ್ರೋಲ್ ಇಂಜಿನ್ನಿಗೆ ಮೂರೇ ಮೂರು ಬೇಕು: ಗಾಳಿ, ಪೆಟ್ರೋಲು, ಕಿಡಿ. ಸಿಲಿಂಡರ್ ಎಂಬ ಗಟ್ಟಿ ಕೊಳವೆಯೊಳಗೆ ಗಾಳಿಯೂ ಪೆಟ್ರೋಲಿನ ಹನಿಗಳೂ ಬೆರೆಯುತ್ತವೆ, ಕಿಡಿ ಹಾರುತ್ತದೆ, ಭಗ್ಗೆಂದು ಉರಿಯುತ್ತದೆ. ಆ ಉರಿಯ ತಳ್ಳುವಿಕೆಯಿಂದಲೇ ಚಕ್ರ ತಿರುಗುವುದು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಹೀಗಾಗುತ್ತದೆ. ನೀವು ‘ಒಂದು’ ಎಂದು ಬಾಯಿ ಮುಚ್ಚುವುದರೊಳಗೆ ಎಷ್ಟು ಸಲ ಉರಿದು ಆರಿತು, ನೋಡಿ! (ಡೀಸೆಲ್ ಗಾಡಿಗೆ ಕಿಡಿಯೇ ಬೇಡ. ಅದರ ಕತೆ ಬೇರೆ, ಇನ್ನೊಂದು ದಿನ ಹೇಳುತ್ತೇನೆ.)

ಈಗೊಂದು ಗುಟ್ಟು. ಎಕ್ಸಿಲರೇಟರ್ ಒತ್ತಿದರೆ ಪೆಟ್ರೋಲು ಸುರಿಯುತ್ತದೆ ಎಂದು ದೊಡ್ಡವರಲ್ಲೂ ಬಹಳ ಜನ ನಂಬಿದ್ದಾರೆ. ಪೆಟ್ರೋಲ್ ಕಾರಿನಲ್ಲಿ ನಿಜಕ್ಕೂ ತೆರೆಯುವುದು ಗಾಳಿಯ ಬಾಗಿಲು. ಕೊಳವೆಯ ನಡುವೆ ದುಂಡಗಿನ ಲೋಹದ ಬಿಲ್ಲೆಯೊಂದು ಅಡ್ಡ ನಿಂತಿರುತ್ತದೆ. ಅದರ ಹೆಸರು ಥ್ರಾಟಲ್. ಕಾಲು ಒತ್ತಿದಷ್ಟೂ ಅದು ವಾಲುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಅಷ್ಟು ಗಾಳಿಗೆ ಎಷ್ಟು ಪೆಟ್ರೋಲು ಬೇಕು ಎಂದು ಲೆಕ್ಕ ಹಾಕಿ ಚಿಮುಕಿಸುವುದು ಕಾರಿನೊಳಗಿನ ಕಂಪ್ಯೂಟರಿನ ಕೆಲಸ.

ಎಷ್ಟು ಗಾಳಿ ಎನ್ನುತ್ತೀರಾ? ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು. ಒಂದು ಲೀಟರ್ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 9000 ಲೀಟರ್ ಗಾಳಿ ಬೇಕು. ತಾರಸಿಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕುಗಳು ಒಂಬತ್ತಾದವು! ಕಾರು ಪೆಟ್ರೋಲು ಕುಡಿಯುತ್ತದೆ ಎನ್ನುತ್ತೇವೆ, ನನ್ನ ಪ್ರಕಾರ ಅದು ಗಾಳಿಯನ್ನೇ ಹೊಟ್ಟೆತುಂಬ ಕುಡಿಯುತ್ತದೆ.

ಕಣ್ಣಿಗೆ ಕಾಣದ ಗಾಳಿಯನ್ನು ಅಳೆಯುವುದು ಹೇಗೆ? ಇದು ನನಗೆ ತುಂಬ ಇಷ್ಟವಾದ ಭಾಗ. ಬಿಸಿ ಹಾಲನ್ನು ಊದುತ್ತೀರಲ್ಲ, ಜೋರಾಗಿ ಊದಿದಷ್ಟೂ ಬೇಗ ಆರುತ್ತದೆ. ಬಹಳಷ್ಟು ಕಾರುಗಳಲ್ಲಿ ಗಾಳಿ ಹೋಗುವ ದಾರಿಯಲ್ಲೇ ಕೂದಲಿನಂಥ ಒಂದು ತಂತಿಯನ್ನು ವಿದ್ಯುತ್ ಹಾಯಿಸಿ ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಬೀಸಿದಾಗ ತಂತಿ ಆರತೊಡಗುತ್ತದೆ. ಮತ್ತೆ ಬಿಸಿಯೇರಿಸಲು ಎಷ್ಟು ವಿದ್ಯುತ್ ಬೇಕಾಯಿತೋ, ಅದರಿಂದ ಗಾಳಿ ಎಷ್ಟು ಬಂತೆಂದು ಗೊತ್ತಾಗುತ್ತದೆ.

ಆ ತಂತಿಗೆ ಧೂಳು ಮೆತ್ತಿಕೊಂಡರೆ? ಗಾಳಿ ನೇರವಾಗಿ ತಾಗುವುದಿಲ್ಲ, ತಂತಿ ಅಷ್ಟಾಗಿ ಆರುವುದಿಲ್ಲ. ‘ಗಾಳಿ ಕಡಿಮೆ ಬಂದಿದೆ’ ಎಂದು ಕಂಪ್ಯೂಟರ್ ಮೋಸಹೋಗಿ ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ. ಬೇಕಾದಷ್ಟು ಪೆಟ್ರೋಲು ಇಲ್ಲದ ಆ ಕ್ಷಣವೇ ನಿಮಗೆ ಸಿಕ್ಕ ಜಗ್ಗಾಟ. ಮದ್ದು ಸುಲಭ: ಇದಕ್ಕೆಂದೇ ಇರುವ ಸ್ಪ್ರೇ ಹೊಡೆದು, ಒಣಗಲು ಬಿಟ್ಟರಾಯಿತು. ಬಟ್ಟೆಯಿಂದ ಉಜ್ಜಿದರೆ ತಂತಿ ತುಂಡಾಗಬಹುದು.

ಇನ್ನು ಪೆಟ್ರೋಲಿನ ದಾರಿ. ಟ್ಯಾಂಕಿನೊಳಗಿನ ಪಂಪು ಅದನ್ನು ಫಿಲ್ಟರ್ ಮೂಲಕ ಮುಂದೆ ತಳ್ಳುತ್ತದೆ. ಫಿಲ್ಟರ್ ಅರ್ಧ ಕಟ್ಟಿಕೊಂಡಿದ್ದರೆ ಊರೊಳಗೆ ನಿಧಾನವಾಗಿ ಓಡಾಡುವಾಗ ಏನೂ ತಿಳಿಯದು. ಏರು ಬಂದು, ಒಮ್ಮೆಲೇ ಹೆಚ್ಚು ಬೇಕಾದಾಗ ಕೊರತೆ ಬಯಲಾಗುತ್ತದೆ.

ಮೂರನೆಯದು ಕಿಡಿ. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಸುಮಾರು ಒಂದು ಮಿಲಿಮೀಟರ್ ಸಂದು ಇದೆ, ನಿಮ್ಮ ಸ್ಕೇಲಿನ ಎರಡು ಪುಟ್ಟ ಗೆರೆಗಳ ನಡುವಿನಷ್ಟು. ಕಿಡಿ ಹಾರಬೇಕಾದದ್ದು ಅದನ್ನೇ. ವರ್ಷಗಟ್ಟಲೆ ಉರಿದು ತುದಿ ಸವೆದರೆ ಸಂದು ಅಗಲವಾಗುತ್ತದೆ. ಎಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ ಇನ್ನೂ ಒತ್ತೊತ್ತಾಗಿ ತುಂಬುವುದರಿಂದ ಕಿಡಿಗೆ ಹಾರುವುದು ಮತ್ತೂ ಕಷ್ಟ. ನಿಂತಾಗ ಸುಮ್ಮನಿದ್ದ ಗಾಡಿ ಏರಿನಲ್ಲಿ ಮಿಸ್ಸಿಂಗ್ ಹೊಡೆಯುವುದು ಹೀಗೆ. ಬಿಚ್ಚಿದ ಪ್ಲಗ್ಗನ್ನು ಮೆಕ್ಯಾನಿಕ್ ಬೆಳಕಿಗೆ ಹಿಡಿದು ನೋಡುವುದನ್ನು ಕಂಡಿದ್ದೀರಾ? ತುದಿ ನಸುಗಂದಾಗಿದ್ದರೆ ಎಲ್ಲ ಸರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಬಿಳಿಚಿಕೊಂಡಿದ್ದರೆ ಕಡಿಮೆಯಾಗಿದೆ ಎಂಬ ಸುಳಿವು.

ಒಳ್ಳೆಯ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರವೇ? ಏರಿನಲ್ಲೇ? ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯಿತೇ? ಆಮೇಲೆ ಸ್ಕ್ಯಾನರ್ ಜೋಡಿಸಿ, ಕಂಪ್ಯೂಟರ್ ಬರೆದಿಟ್ಟುಕೊಂಡ ದೂರುಗಳನ್ನು ಓದುತ್ತಾರೆ. ಸ್ಕ್ಯಾನರ್ ಜಾಗ ತೋರಿಸುತ್ತದೆ, ಕಾರಣವನ್ನು ಮನುಷ್ಯರೇ ಹುಡುಕಬೇಕು. ಒಳಗೆ ಹೋಗುವ ಗಾಳಿಯ ಧೂಳು ಸೋಸುವ ಏರ್ ಫಿಲ್ಟರ್, ತಂತಿ, ಪ್ಲಗ್ ಇವನ್ನು ನೋಡಿದ ಮೇಲೆಯೇ ದುಬಾರಿ ಪಂಪಿನ ಮಾತು. ಊಹೆಯ ಮೇಲೆ ಒಂದಾದ ಮೇಲೊಂದು ಭಾಗ ಬದಲಿಸುವುದು ರಿಪೇರಿಯಲ್ಲ, ಜೇಬಿಗೆ ಕತ್ತರಿ.

ಮುಂದಿನ ಸಲ ಕಾರು ಸರ್ವೀಸಿಗೆ ಹೊರಟಾಗ ನೀವೂ ಜೊತೆಗೆ ಹೋಗಿ. ಹಳೆಯ ಏರ್ ಫಿಲ್ಟರನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಎಂದು ಕೇಳಿ, ಯಾರೂ ಬೇಡ ಎನ್ನುವುದಿಲ್ಲ. ಇಂಜಿನ್ ಬಿಸಿಯಿದ್ದಾಗ ಮಾತ್ರ ಕೈ ಹಾಕಬೇಡಿ.